ಶಿಬಿರಕ್ಕೆ ಮುನ್ನ ದೊಡ್ಡವರು ಓದಬೇಕಾದ ಪುಟಗಳು

ಸರ್ಕಾರಿ ಶಾಲೆಯಿರಲಿ, ಅನುದಾನಿತ ಶಾಲೆಯಿರಲಿ, ಸ್ಕೌಟ್ ದಳದ ಹೊಣೆ ಒಬ್ಬರ ಹೆಗಲಿಗೆ ಬರುವ ಬಗೆ ಹೆಚ್ಚುಕಡಿಮೆ ಒಂದೇ. ಜೂನ್ ತಿಂಗಳ ಸಿಬ್ಬಂದಿ ಸಭೆಯಲ್ಲಿ ಮುಖ್ಯ ಶಿಕ್ಷಕರು, ಇದ್ದವರಲ್ಲೇ ವಯಸ್ಸಿನಲ್ಲಿ ಚಿಕ್ಕವರತ್ತ ತಿರುಗಿ, ‘ಈ ವರ್ಷ ಸ್ಕೌಟ್ಸ್ ನೀವು ನೋಡ್ಕೊಳ್ಳಿ’ ಎನ್ನುತ್ತಾರೆ. ಗೈಡ್ಸ್ ಆದರೆ ಮೇಡಂ ಒಬ್ಬರಿಗೆ. ಊರಿನ ಓಪನ್ ಗ್ರೂಪ್‌ಗಳಲ್ಲಿ ಮಗುವನ್ನು ಬಿಡಲು ಬಂದ ಅಪ್ಪನೋ ಅಮ್ಮನೋ ಎರಡು ಭಾನುವಾರ ಅಲ್ಲೇ ನಿಂತು ನೋಡಿ, ಮೂರನೆಯ ಭಾನುವಾರ ಹಗ್ಗ ಹಿಡಿದು ಸಹಾಯಕ್ಕೆ ಇಳಿದಿರುತ್ತಾರೆ. ಬೇಸಿಕ್ ತರಬೇತಿಗೆ ಹೋಗಿ ಬಂದರೆ ಗಂಟು, ಧ್ವಜ, ಸರ್ವಧರ್ಮ ಪ್ರಾರ್ಥನೆ, ಕ್ಯಾಂಪ್‌ಫೈರ್ ಹಾಡುಗಳೆಲ್ಲ ಬೇಗ ಮೈಗೂಡುತ್ತವೆ. ಮೈಗೂಡದೆ ಉಳಿಯುವುದು ನಿಯಮದ ಭಾಗ. ಮೂವತ್ತು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಹಿಂದಿನ ರಾತ್ರಿ, ಯಾರ ಅನುಮತಿ ಬೇಕಿತ್ತು, ಏನಾದರೂ ಆದರೆ ಯಾರಿಗೆ ಮೊದಲು ತಿಳಿಸಬೇಕು, ನನ್ನೊಬ್ಬನಿಂದ ಇದು ಆಗುತ್ತದೆಯೇ ಎಂಬ ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ.

ಈ ಕೆಲಸದಲ್ಲಿ ‘ರೂಲ್ಸ್’ ಎಂದು ಕಿವಿಗೆ ಬೀಳುವುದೆಲ್ಲ ಒಂದೇ ತೂಕದ್ದಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಎಲ್ಲಕ್ಕೂ ಮೇಲೆ ದೇಶದ ಕಾನೂನು. ಅದರ ಕೆಳಗೆ, ಶಾಲೆಯ ದಳವಾಗಿದ್ದರೆ, ಶಿಕ್ಷಣ ಇಲಾಖೆಯ ಸುತ್ತೋಲೆಗಳು. ಆಮೇಲೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಸ್ವಂತ ನಿಯಮ ಪುಸ್ತಕ. ಎಲ್ಲರೂ ‘ಎಪಿಆರ್‌ಒ’ ಎಂದು ಕರೆಯುವ ಆ ಪುಸ್ತಕದಲ್ಲಿ ಸಂಸ್ಥೆಯ ಉದ್ದೇಶ, ನೀತಿ, ನಿಯಮ, ರಚನೆ ಎಲ್ಲ ಇವೆ. ಸ್ಕೌಟ್ ವಿಭಾಗಕ್ಕೂ ಗೈಡ್ ವಿಭಾಗಕ್ಕೂ ಬೇರೆ ಬೇರೆ ಭಾಗಗಳಿವೆ. ಇವೆಲ್ಲವನ್ನೂ ದಾಟಿ ನಾಲ್ಕನೆಯದೊಂದಿದೆ. ಅದು ಯಾವ ಪುಟದಲ್ಲೂ ಇಲ್ಲ, ಆದರೆ ಎಲ್ಲಕ್ಕಿಂತ ಜೋರಾಗಿ ಕೇಳಿಸುತ್ತದೆ: ‘ನಮ್ಮಲ್ಲಿ ಮೊದಲಿಂದ ಹೀಗೇ ನಡೆದುಕೊಂಡು ಬಂದಿದೆ ಸಾರ್.’

ಹೊಸಬರು ಎಡವುವುದು ಈ ನಾಲ್ಕನೆಯದರಲ್ಲಿ. ರಾಜ್ಯ ಪುರಸ್ಕಾರಕ್ಕೆ ಹೋಗುವ ಹುಡುಗಿಯ ಲಾಗ್‌ಬುಕ್ಕಿಗೆ ಬಣ್ಣದ ರಟ್ಟು ಬೇಕು, ಇಷ್ಟು ಫೋಟೊ ಅಂಟಿಸಿರಬೇಕು, ಇಂಥವರದೇ ಸಹಿ ಇರಬೇಕು ಎಂದು ಯಾರೋ ಹೇಳುತ್ತಾರೆ. ಕೂಲಿ ಮಾಡುವ ಅಪ್ಪ ಸ್ಟುಡಿಯೋಗೆ ಅಲೆದು ದುಡ್ಡು ಸುರಿಯುತ್ತಾನೆ. ಪುಸ್ತಕ ತೆರೆದರೆ ಅಂಥದ್ದೇನೂ ಇರುವುದಿಲ್ಲ. ಇಂಥಲ್ಲಿ ದಳ ನಡೆಸುವ ಸ್ಕೌಟರ್ ಕೇಳಬೇಕಾದ ಪ್ರಶ್ನೆ ಒಂದೇ: ‘ಇದು ಎಲ್ಲಿ ಬರೆದಿದೆ ಸಾರ್, ಸ್ವಲ್ಪ ತೋರಿಸ್ತೀರಾ? ಮಕ್ಕಳಿಗೆ ಸರಿಯಾಗಿ ಹೇಳೋಣ ಅಂತ.’ ಜಗಳದ ದನಿ ಬೇಡ. ಬರೆದಿದ್ದರೆ ಪಾಲಿಸೋಣ, ಬರೆದಿಲ್ಲದಿದ್ದರೆ ಆ ಹುಡುಗಿಯ ಅಪ್ಪನ ದುಡ್ಡು ಉಳಿಯುತ್ತದೆ. ಅಮೆರಿಕದ ಸ್ಕೌಟ್ ಸಂಸ್ಥೆ ಈ ವಿಷಯದಲ್ಲಿ ಖಡಾಖಂಡಿತ. ಬಡ್ತಿಗೆ ಬೇಕಾದ ಅರ್ಹತೆಗಳಿಗೆ ಏನನ್ನಾದರೂ ಕೂಡಿಸಲು ಅಥವಾ ಕಳೆಯಲು ಯಾವ ಘಟಕಕ್ಕೂ, ಯಾವ ಸಮಿತಿಗೂ, ಯಾವ ವ್ಯಕ್ತಿಗೂ ಅಧಿಕಾರವಿಲ್ಲ ಎಂದು ಅಲ್ಲಿನ ಕೈಪಿಡಿ ಹೇಳುತ್ತದೆ. ದೊಡ್ಡವರ ಅತಿ ಉತ್ಸಾಹದಿಂದಲೂ ಮಗುವಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಕಂಡವರೇ ಆ ಮಾತನ್ನು ಬರೆದಿರಬೇಕು.

ನಡೆದುಕೊಂಡು ಬಂದದ್ದು ಕಾನೂನಿನ ದಾರಿಗೇ ಅಡ್ಡ ಬರುವುದೂ ಉಂಟು. ಅಲ್ಲಿ ಮೆತ್ತನೆಯ ಪ್ರಶ್ನೆ ಸಾಲದು. ಶಿಬಿರದಲ್ಲಿ ಒಂದು ಮಗು ಬಂದು, ಇಂಥವರು ನನ್ನೊಡನೆ ಕೆಟ್ಟದಾಗಿ ನಡೆದುಕೊಂಡರು ಎಂದಿತೆನ್ನಿ. ರೂಢಿಯ ದಾರಿ ಎಲ್ಲರಿಗೂ ಗೊತ್ತು. ಮೊದಲು ಮುಖ್ಯ ಶಿಕ್ಷಕರಿಗೆ, ಅಂದರೆ ಎಚ್.ಎಂ.ಗೆ ಹೇಳುವುದು, ಅವರು ಆಡಳಿತ ಮಂಡಳಿಗೆ ಹೇಳುವುದು, ಮಂಡಳಿಯವರು ‘ಒಳಗೊಳಗೇ ವಿಚಾರಿಸೋಣ, ಶಾಲೆಯ ಹೆಸರು ಕೆಡಬಾರದು’ ಎನ್ನುವುದು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಈ ದಾರಿಯನ್ನು ಮುಚ್ಚಿದೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ, ನಡೆಯಬಹುದೆಂಬ ಆತಂಕವಿದ್ದವರೂ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ‘ನಾನು ಎಚ್.ಎಂ.ಗೆ ಹೇಳಿದ್ದೆ’ ಎಂಬುದು ಪೊಲೀಸರಿಗೆ ಹೇಳಿದಂತಾಗುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಕಾನೂನು ರಕ್ಷಣೆಯನ್ನೂ ಕೊಡುತ್ತದೆ.

ಇಲ್ಲಿ ಸ್ಕೌಟರ್ ಮಾಡಬೇಕಾದ್ದು ಕಡಿಮೆ, ಆದರೆ ತಪ್ಪದೆ ಮಾಡಬೇಕಾದ್ದು. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳುವುದು. ಮತ್ತೆ ಮತ್ತೆ ಕೆದಕಿ ಕೇಳದಿರುವುದು, ಏಕೆಂದರೆ ತನಿಖೆ ನಮ್ಮ ಕೆಲಸವಲ್ಲ. ‘ಯಾರಿಗೂ ಹೇಳಲ್ಲ’ ಎಂಬ ಮಾತು ಕೊಡದಿರುವುದು, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಸಾಧ್ಯವಿಲ್ಲ. ಹೆಸರು ಹೊರಬೀಳದಂತೆ ನೋಡಿಕೊಳ್ಳುವುದು. ಮಕ್ಕಳ ಸಹಾಯವಾಣಿ 1098 ಪ್ರತಿ ಶಿಬಿರದ ಫಲಕದಲ್ಲಿ, ಅಡುಗೆ ಮನೆಯ ಪಾಳಿಯ ಪಟ್ಟಿಯ ಪಕ್ಕದಲ್ಲೇ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆದಿರಬೇಕು.

ಇಬ್ಬರು ದೊಡ್ಡವರ ನಿಯಮದ ಹಿಂದೆಯೂ ಇಂಥದೇ ನೋವಿದೆ. ಯಾವ ಮಗುವಿನೊಂದಿಗೂ ಒಬ್ಬ ದೊಡ್ಡವರು ಮರೆಯಲ್ಲಿ ಒಂಟಿಯಾಗಿ ಇರಬಾರದು, ಪ್ರತಿ ಚಟುವಟಿಕೆಯಲ್ಲೂ ಕನಿಷ್ಠ ಇಬ್ಬರು ದೊಡ್ಡವರಿರಬೇಕು ಎಂಬ ಮಾತು ಇಂದು ಜಗತ್ತಿನ ಸ್ಕೌಟ್ ವಲಯದಲ್ಲೆಲ್ಲ ಕೇಳಿಬರುತ್ತದೆ; ವಿಶ್ವ ಸ್ಕೌಟ್ ಸಂಸ್ಥೆಯ ‘ಸೇಫ್ ಫ್ರಮ್ ಹಾರ್ಮ್’ ನೀತಿಯೂ ಇದೇ ಕಾಳಜಿಯದು. ಅಮೆರಿಕ ಇದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಅನುಮಾನ ಬಂದ ಸ್ವಯಂಸೇವಕರ ಕಡತಗಳನ್ನು ಅಲ್ಲಿನ ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. 2012ರಲ್ಲಿ ಒರೆಗಾನ್ ರಾಜ್ಯದ ನ್ಯಾಯಾಲಯದ ಆದೇಶದಿಂದ ಅಂಥ 1,200ಕ್ಕೂ ಹೆಚ್ಚು ಕಡತಗಳು ಹೊರಬಂದವು. 2020ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದಾಗ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದೆವು ಎಂದು ಮುಂದೆ ಬಂದವರು 82,000ಕ್ಕೂ ಹೆಚ್ಚು. ಪರಿಹಾರದ ಮೊತ್ತ ಸುಮಾರು 246 ಕೋಟಿ ಡಾಲರ್. ಈಗ ‘ಸ್ಕೌಟಿಂಗ್ ಅಮೆರಿಕ’ ಎಂದು ಹೆಸರು ಬದಲಿಸಿಕೊಂಡಿರುವ ಆ ಸಂಸ್ಥೆಯಲ್ಲಿ, ಮಕ್ಕಳ ಸಭೆಯೊಂದು ನಡೆಯಬೇಕಾದರೆ 21 ದಾಟಿದ, ನೋಂದಾಯಿತರಾದ ಇಬ್ಬರು ಸ್ಥಳದಲ್ಲಿರಲೇಬೇಕು. ಎರಡನೆಯವರು ಬಾರದಿದ್ದರೆ ಸಭೆ ಇಲ್ಲ. ಫೋನ್ ಸಂದೇಶಕ್ಕೂ ಇದೇ ಕಟ್ಟಳೆ. ಮಗುವಿಗೆ ಕಳಿಸುವ ಸಂದೇಶದಲ್ಲಿ ಇನ್ನೊಬ್ಬ ದೊಡ್ಡವರು ಜೊತೆಗಿರಬೇಕು. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಮಕ್ಕಳ ದಳದಲ್ಲಿ ನೆರವಾಗಲು ಹೊರಟರೆ ಮೊದಲ ಹೆಜ್ಜೆಯೇ ಮಕ್ಕಳ ರಕ್ಷಣೆಯ ತರಬೇತಿ ಮತ್ತು ಹಿನ್ನೆಲೆ ಪರಿಶೀಲನೆ.

ನಮ್ಮ ಹಳ್ಳಿ ಶಾಲೆಗಳಲ್ಲಿ ಇದನ್ನು ಪಾಲಿಸುವುದು ಸುಲಭವೇ? ಅಲ್ಲ. ಮೂವರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಚುನಾವಣೆ ಕೆಲಸಕ್ಕೆ, ಒಬ್ಬರು ತರಬೇತಿಗೆ ಹೋದರೆ ಉಳಿಯುವವರು ಒಬ್ಬರೇ. ಆದರೂ ಈ ನಿಯಮವನ್ನು ಸಡಿಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಮ್ಮಂದಿರಿದ್ದಾರೆ, ಹಿಂದೆ ಇದೇ ದಳದಲ್ಲಿ ಬೆಳೆದು ಈಗ ಡಿಗ್ರಿ ಓದುತ್ತಿರುವ ರೋವರ್, ರೇಂಜರ್‌ಗಳಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಅವರನ್ನು ವರ್ಷದ ಆರಂಭದಲ್ಲೇ ಮಾತಾಡಿಸಿ, ಯಾರು ಏನು ಎಂದು ವಿಚಾರಿಸಿ, ಹೆಸರು ನೋಂದಾಯಿಸಿ ಇಟ್ಟುಕೊಳ್ಳಬೇಕು. ಹೊರಡುವ ದಿನ ಬೆಳಿಗ್ಗೆ ಕೈಗೆ ಸಿಕ್ಕವರನ್ನು ಜೀಪು ಹತ್ತಿಸಿಕೊಳ್ಳುವುದು ಎರಡನೆಯ ದೊಡ್ಡವರನ್ನು ಹೊಂದಿಸಿದಂತಲ್ಲ. ಹೆಣ್ಣುಮಕ್ಕಳಿದ್ದರೆ ಜೊತೆಯಲ್ಲಿ ಮಹಿಳೆ ಇರುವುದು ಚರ್ಚೆಗೆ ಬಿಟ್ಟ ವಿಷಯವೇ ಅಲ್ಲ. ಯಾವುದೋ ಮಗು ಅಳುತ್ತಿದೆ, ಒಬ್ಬರೇ ಕೂತು ಸಮಾಧಾನ ಹೇಳಬೇಕಿದೆ ಎಂದರೆ, ಮೈದಾನದ ಅಂಚಿನ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಯಾರಿಗೂ ಕೇಳದಂತೆ ಕೂತು ಮಾತಾಡಬಹುದು. ಮಗುವಿನ ಗುಟ್ಟೂ ಉಳಿಯುತ್ತದೆ, ದೊಡ್ಡವರ ಮರ್ಯಾದೆಯೂ ಉಳಿಯುತ್ತದೆ.

ನೀರಿನ ವಿಷಯಕ್ಕೆ ಬಂದರೆ ನನ್ನ ದನಿ ತಾನಾಗಿ ಗಟ್ಟಿಯಾಗುತ್ತದೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರೊಂದಿಗೆ ಮೊದಲ ಶಿಬಿರ ನಡೆಸಿ ಐದು ವರ್ಷ ಆಗಿತ್ತಷ್ಟೆ. 1912ರ ಆಗಸ್ಟ್ 4ರಂದು ಲಂಡನ್ನಿನ ವಾಲ್ವರ್ತ್ ಬಡಾವಣೆಯ ಸ್ಕೌಟ್ ದಳ ದೋಣಿಯಲ್ಲಿ ಶಿಬಿರಕ್ಕೆ ಹೊರಟಿತ್ತು. ಲೇಸ್‌ಡೌನ್ ಎಂಬ ಊರಿನ ಹತ್ತಿರ ಬಿರುಗಾಳಿಗೆ ದೋಣಿ ಮಗುಚಿ ಒಂಬತ್ತು ಹುಡುಗರು ಮುಳುಗಿದರು. ಎಂಟು ಮಂದಿ ಆ ದಳದವರೇ. ಹೆಚ್ಚಿನವರು ಬಡ ಮನೆಗಳ ಮಕ್ಕಳು. ಸ್ಕೌಟ್ ಚಳವಳಿ ತನ್ನ ಎಳೆಯ ವಯಸ್ಸಿನಲ್ಲೇ ಕಂಡ ದೊಡ್ಡ ದುರಂತವಿದು.

ನಮ್ಮಲ್ಲಿ? 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಮುರ್ಡೇಶ್ವರದ ಕಡಲಲ್ಲಿ ಕೊಚ್ಚಿಹೋದರು. ಅದು ಸ್ಕೌಟ್ ಶಿಬಿರವಲ್ಲ, ಆದರೆ ಜೊತೆಗಿದ್ದವರು ನಮ್ಮಂಥ ಶಿಕ್ಷಕರೇ. ಅವರ ಮೇಲೆ ಪ್ರಕರಣವೂ ದಾಖಲಾಯಿತು. ಕೆರೆ, ಹೊಳೆ, ಕೃಷಿಹೊಂಡ, ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳು ನಮ್ಮ ಚಾರಣದ ದಾರಿಯಲ್ಲಿ ಎಲ್ಲೆಲ್ಲೂ ಇವೆ. ಬಯಲುಸೀಮೆಯ ಮಕ್ಕಳು ಸಮುದ್ರ ಕಂಡರೆ ತಡೆಯುವುದು ಕಷ್ಟ. ‘ಮೊಣಕಾಲವರೆಗೆ ಮಾತ್ರ ಇಳೀರಿ’ ಎನ್ನುವುದು ನಿಯಮವಲ್ಲ, ಬರೀ ಆಸೆ.

ನಿಯಮ ಹೇಗಿರುತ್ತದೆಂದು ತಿಳಿಯಲು ಅಮೆರಿಕದ ಸ್ಕೌಟರುಗಳ ಈಜು ಸುರಕ್ಷತಾ ಕ್ರಮ ನೋಡಬೇಕು. ಅದರಲ್ಲಿ ಎಂಟು ಅಂಶಗಳಿವೆ. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರ ಆರೋಗ್ಯದ ವಿವರ ಕೈಯಲ್ಲಿರಬೇಕು, ಈಜುವ ಜಾಗದ ತಳವನ್ನು ಮೊದಲೇ ಪರೀಕ್ಷಿಸಿ ಗಡಿ ಗುರುತು ಮಾಡಿರಬೇಕು. ಈಜು ಬಾರದವರಿಗೆ ಮೂರೂವರೆ ಅಡಿಗಿಂತ ಆಳ ಕೂಡದು. ಬಲ್ಲವರೆಂದು ಬಾಯಲ್ಲಿ ಹೇಳಿದರೆ ಸಾಲದು, ನೂರು ಗಜ ಈಜಿ ತೋರಿಸಬೇಕು. ಇಳಿಯುವುದು ಜೋಡಿ ಜೋಡಿಯಾಗಿ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿಗಳು ಕೈ ಕೈ ಹಿಡಿದು ಎತ್ತಬೇಕು. ದಡದಲ್ಲಿ ನಿಂತವರು ಎಣಿಸುತ್ತಾರೆ. ಕಾವಲಿಗೆ ನಿಂತವರಿಗೆ ಬೇರೆ ಕೆಲಸವಿಲ್ಲ, ಫೋಟೊ ತೆಗೆಯುವ ಕೆಲಸವಂತೂ ಇಲ್ಲವೇ ಇಲ್ಲ. ಇದರಲ್ಲಿ ಯಾವುದಕ್ಕೂ ದುಬಾರಿ ಸಲಕರಣೆ ಬೇಕಿಲ್ಲ. ಒಂದು ಹಗ್ಗ, ಒಂದು ಸೀಟಿ, ಈಜು ಬಲ್ಲ ಇಬ್ಬರು ಜವಾಬ್ದಾರಿಯುತ ದೊಡ್ಡವರು. ಇಷ್ಟು ಹೊಂದಿಸಲಾಗದಿದ್ದರೆ ಆ ದಿನ ನೀರಿಗೆ ಇಳಿಯುವುದು ಬೇಡ. ಮಕ್ಕಳು ಮುನಿಸಿಕೊಳ್ಳಲಿ, ಅಡ್ಡಿಯಿಲ್ಲ.

ಇನ್ನು ಒಪ್ಪಿಗೆ ಪತ್ರ. ಅನುಭವವಿರುವ ಸ್ಕೌಟರ್‌ಗಳಿಗೆಲ್ಲ ಈ ದೃಶ್ಯ ಗೊತ್ತು. ಬಸ್ಸು ಹೊರಡಲು ನಿಂತಿದೆ, ತಾಯಿಯೊಬ್ಬರು ಕಿಟಕಿಯ ಹತ್ತಿರ ಬಂದು ಸೆರಗಿನ ಮರೆಯಿಂದ ಒಂದು ಇನ್‌ಹೇಲರ್ ಚಾಚುತ್ತಾರೆ. ‘ಹುಡುಗನಿಗೆ ಒಂಚೂರು ಉಬ್ಬಸ ಐತೆ ಮೇಷ್ಟ್ರೇ. ಬರೆದ್ರೆ ಕರ್ಕೊಂಡು ಹೋಗಲ್ಲ ಅಂತ ಬರೀಲಿಲ್ಲ.’ ಪತ್ರದಲ್ಲಿ ‘ಕಾಯಿಲೆ ಇದೆಯೇ’ ಎಂಬ ಸಾಲಿನ ಮುಂದೆ ದುಂಡಗೆ ‘ಇಲ್ಲ’ ಎಂದಿರುತ್ತದೆ. ತಾಯಿಯದು ತಪ್ಪಲ್ಲ, ಪ್ರಶ್ನೆ ಕೇಳಿದ ರೀತಿಯದು. ಕಾಯಿಲೆ ಇದೆಯೇ ಎಂದು ಕೇಳುವ ಬದಲು, ‘ಮಗು ಯಾವ ಔಷಧಿ ತೆಗೆದುಕೊಳ್ಳುತ್ತದೆ? ಓಡುವಾಗ ದಮ್ಮು ಕಟ್ಟುತ್ತದೆಯೇ? ಎಂದಾದರೂ ಫಿಟ್ಸ್ ಬಂದಿತ್ತೇ? ಯಾವ ಊಟ, ಯಾವ ಮಾತ್ರೆ ಮೈಗೆ ಆಗುವುದಿಲ್ಲ?’ ಎಂದು ಕೇಳಿ, ಕೆಳಗೆ ‘ಈ ಕಾರಣಕ್ಕೆ ಮಗುವನ್ನು ಬಿಟ್ಟು ಹೋಗುವುದಿಲ್ಲ, ಹೆಚ್ಚು ಎಚ್ಚರ ವಹಿಸುತ್ತೇವೆ’ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದರೆ ಉತ್ತರಗಳು ಬೇರೆಯೇ ಬರುತ್ತವೆ. ಓದು ಬಾರದ ತಂದೆ ತಾಯಿಗೆ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಮಗುವಿನ ಕೈಯಲ್ಲೇ ಸಹಿ ಹಾಕಿಸಿಕೊಂಡು ಬಂದ ಚೀಟಿ ಒಪ್ಪಿಗೆಯಲ್ಲ.

ಅದೇ ಪತ್ರದ ಕೊನೆಯಲ್ಲಿ ಕೆಲವರು ‘ಏನೇ ಅನಾಹುತವಾದರೂ ಶಾಲೆ ಹೊಣೆಯಲ್ಲ’ ಎಂಬ ಸಾಲು ಸೇರಿಸುತ್ತಾರೆ. ಆ ಸಾಲನ್ನು ನಂಬಿ ಹೊರಡಬೇಡಿ. ಪೋಷಕರ ಸಹಿ ನಮ್ಮ ನಿರ್ಲಕ್ಷ್ಯವನ್ನು ತೊಳೆಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಿದೆ. ಒಪ್ಪಿಗೆ ಪತ್ರ ಇರುವುದು ಮಗುವಿನ ಬಗ್ಗೆ ನಮಗೆ ಮಾಹಿತಿ ಕೊಡಲು, ಎಲ್ಲಿಗೆ ಏಕೆ ಹೋಗುತ್ತಿದ್ದೇವೆಂದು ಪೋಷಕರಿಗೆ ತಿಳಿಸಲು.

‘ಮೇಷ್ಟ್ರೇ, ನೀವಿದ್ದೀರಲ್ಲ, ಇನ್ನೇನು ಭಯ?’ ಎಂಬ ಮಾತಿಗಿಂತ ದೊಡ್ಡ ಗೌರವ ನಮ್ಮ ಊರುಗಳಲ್ಲಿ ಶಿಕ್ಷಕರಿಗೆ ಸಿಗಲಾರದು. ಆ ನಂಬಿಕೆಯಿಂದಾಗಿಯೇ ಪೋಷಕರು ಪ್ರಶ್ನೆ ಕೇಳುವುದಿಲ್ಲ. ಅವರು ಕೇಳದ ಪ್ರಶ್ನೆಗಳನ್ನು ಅವರ ಪರವಾಗಿ ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಹಾಗೆ ಕೇಳಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ವೇಲ್ಸ್‌ನ ಪ್ರಕರಣವೊಂದನ್ನು ಪ್ರತಿ ಸ್ಕೌಟರ್ ಓದಬೇಕು. 2018ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಕಡೆಯ ಸ್ಕೌಟ್ ಗುಂಪೊಂದು ಮೂವರು ನಾಯಕರೊಂದಿಗೆ ಅಲ್ಲಿಗೆ ಹೋಗಿತ್ತು. ಸ್ನೋಡನ್ ಬೆಟ್ಟ ಹತ್ತುವ ಯೋಜನೆ. ಹವೆ ಕೆಟ್ಟಿದ್ದರಿಂದ ಅದನ್ನು ಬಿಟ್ಟು ಕಡಲ ಪಕ್ಕದ ಗ್ರೇಟ್ ಆರ್ಮ್ ಗುಡ್ಡಕ್ಕೆ ಹೋದರು. ನಿರ್ಧಾರ ವಿವೇಕದ್ದೇ, ದೊಡ್ಡ ಬೆಟ್ಟ ಬಿಟ್ಟು ಸಣ್ಣ ಗುಡ್ಡ ಆರಿಸಿಕೊಂಡರು. ಆದರೆ ಹೊಸ ಜಾಗಕ್ಕೆ ಹೊಸ ಲೆಕ್ಕಾಚಾರ ನಡೆಯಲಿಲ್ಲ. ಹುಡುಗರು ಬೇರೆ ಬೇರೆ ದಾರಿ ಹಿಡಿದರು, ಯಾವ ನಾಯಕರ ಕಣ್ಣಳತೆಯಲ್ಲೂ ಇಲ್ಲದ ಹದಿನಾರರ ಹುಡುಗನೊಬ್ಬ ಬಂಡೆಯ ಅಂಚಿನಿಂದ ಬಿದ್ದು ಸತ್ತ. ಐದೂವರೆ ವರ್ಷಗಳ ಬಳಿಕ, 2024ರ ಫೆಬ್ರುವರಿಯಲ್ಲಿ, ವಿಚಾರಣೆಯ ಜ್ಯೂರಿ ಇದನ್ನು ಕಾನೂನುಬಾಹಿರ ಸಾವೆಂದು ಕರೆಯಿತು. ಸ್ಕೌಟ್ ಸಂಸ್ಥೆಯ ನಿರ್ಲಕ್ಷ್ಯವೂ ಕಾರಣವೆಂದಿತು.

ನನ್ನನ್ನು ಇದರಲ್ಲಿ ಬಹಳ ಕಾಡುವುದು ಆ ಬದಲಾದ ಯೋಜನೆ. ನಮ್ಮಲ್ಲೂ ಅನುಮತಿ ಪಡೆದದ್ದು ಒಂದು ಜಾಗಕ್ಕೆ, ‘ಹೇಗೂ ಇಲ್ಲೇ ಹತ್ತಿರ’ ಎಂದು ನುಗ್ಗುವುದು ಇನ್ನೊಂದು ಜಾಗಕ್ಕೆ. ದಾರಿಯಲ್ಲಿ ಜಲಪಾತದ ಬೋರ್ಡು ಕಂಡರೆ ಬಸ್ಸು ನಿಲ್ಲುತ್ತದೆ. ಇಲಾಖೆಯ ಪೂರ್ವಾನುಮತಿ, ಸ್ಕೌಟ್ಸ್‌ನ ಸ್ಥಳೀಯ ಸಂಸ್ಥೆಗೆ ಕೊಟ್ಟ ಕಾರ್ಯಕ್ರಮ ಪಟ್ಟಿ, ಪೋಷಕರ ಒಪ್ಪಿಗೆ ಎಲ್ಲವೂ ಆ ಹಳೆಯ ಜಾಗದವು. ಆ ಗಳಿಗೆಯಲ್ಲಿ ನಾಯಕರು ಮಕ್ಕಳನ್ನು ಬಸ್ಸಿನಲ್ಲೇ ಕೂರಿಸಿ ಹತ್ತು ನಿಮಿಷ ಕೆಳಗಿಳಿದು ನಿಂತು ಮಾತಾಡಬೇಕು. ಇಲ್ಲಿ ಅಂಚು ಎಲ್ಲಿದೆ, ನೀರು ಎಲ್ಲಿದೆ, ಮುಂದೆ ಯಾರು, ಹಿಂದೆ ಯಾರು, ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಫೋನಿಗೆ ಸಿಗ್ನಲ್ ಸಿಗುತ್ತದೆಯೇ, ಹತ್ತಿರದ ಆಸ್ಪತ್ರೆ ಯಾವ ಕಡೆ. ಉತ್ತರ ಸಿಗದಿದ್ದರೆ ಬಸ್ಸು ಮುಂದೆ ಹೊರಡಲಿ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಶಿಬಿರವೇ ಬೇಡ ಎನಿಸಬಹುದು. ಅನೇಕ ಶಾಲೆಗಳು ಆ ತೀರ್ಮಾನಕ್ಕೆ ಬಂದೂ ಬಿಟ್ಟಿವೆ. ಅಲ್ಲಿ ಸ್ಕೌಟಿಂಗ್ ಎಂದರೆ ಸ್ವಾತಂತ್ರ್ಯೋತ್ಸವದ ಪಥಸಂಚಲನ ಮಾತ್ರ. ಇದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ದೊಡ್ಡಬಳ್ಳಾಪುರದಲ್ಲಿ, ಹರಿಹರದ ಹತ್ತಿರದ ಕೊಂಡಜ್ಜಿಯಲ್ಲಿ ತರಬೇತಿಗೆಂದೇ ಕಟ್ಟಿದ ಶಿಬಿರ ಕೇಂದ್ರಗಳಿವೆ. ಚಾಕು ಹಿಡಿಯಲು, ಬೆಂಕಿ ಹೊತ್ತಿಸಲು, ಕತ್ತಲಲ್ಲಿ ನಕ್ಷತ್ರ ನೋಡಿ ದಿಕ್ಕು ಹೇಳಲು ಕಲಿಯದ ಸ್ಕೌಟ್, ಸಮವಸ್ತ್ರ ತೊಟ್ಟ ಮಗು ಅಷ್ಟೆ. ಒಂದು ದಳಕ್ಕೆ ಎಷ್ಟು ಹುಡುಗರಿರಬೇಕೆಂಬ ಪ್ರಶ್ನೆಗೆ ಬೇಡನ್ ಪೊವೆಲ್, ತಾನು ಸರಿಯಾಗಿ ನೋಡಿಕೊಳ್ಳಬಲ್ಲುದು ಹದಿನಾರು ಮಂದಿಯನ್ನು, ಬೇರೆಯವರು ತನ್ನ ಇಮ್ಮಡಿ ಸಮರ್ಥರಿರಬಹುದು, ಆದ್ದರಿಂದ ಮೂವತ್ತೆರಡು ಎಂದಿದ್ದರು. ಸಾಮರ್ಥ್ಯಕ್ಕೆ ತಕ್ಕಂತೆ ಮಕ್ಕಳನ್ನು ಒಯ್ಯುವುದೂ ಒಂದು ನಿಯಮವೇ. ಅರವತ್ತು ಮಕ್ಕಳ ಶಿಬಿರ ಆಗದಿದ್ದರೆ ಹದಿನೈದು ಮಕ್ಕಳ ಹಗಲು ಚಾರಣ ಆಗುತ್ತದೆ.

ನಿಯಮಗಳಲ್ಲಿ ಬೇಡದವೂ ಇವೆ. ಒಂದೇ ಮಾಹಿತಿಯನ್ನು ಮೂರು ಕಡೆ ಬರೆಸುವ ನಮೂನೆಗಳು, ಶಿಬಿರ ಮುಗಿದ ಮೇಲೆ ಕೈಸೇರುವ ಅನುಮತಿ ಪತ್ರಗಳು, ಯಾರೂ ಓದದ ವರದಿಗಳು. ಇವುಗಳ ಬಗ್ಗೆ ಸ್ಟಾಫ್‌ರೂಮಿನಲ್ಲಿ ಗೊಣಗುವುದರಿಂದ ಏನೂ ಆಗದು. ಸ್ಥಳೀಯ ಸಂಸ್ಥೆಯ ಸಭೆಗೆ ಬರೆದುಕೊಂಡು ಹೋಗಬೇಕು, ನಡಾವಳಿಯಲ್ಲಿ ದಾಖಲಿಸಿ ಎಂದು ಕೇಳಬೇಕು. ಜಿಲ್ಲೆಗೆ, ರಾಜ್ಯಕ್ಕೆ ವಿಷಯ ಮುಟ್ಟುವ ದಾರಿ ಅದೇ.

ಅಲ್ಲಿಗೆ ಒಯ್ಯಲು ಇನ್ನೊಂದು ವಸ್ತುವೂ ಬೇಕು: ಪ್ರತಿ ಶಿಬಿರ ಮುಗಿದ ಸಂಜೆ ಬರೆಯುವ ಒಂದು ಸಾದಾ ನೋಟ್‌ಬುಕ್. ಅದರಲ್ಲಿ ಬರೆಯಬೇಕಾದ್ದು ನಡೆದ ಅನಾಹುತಗಳಲ್ಲ, ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳು. ಎಣಿಕೆಯಲ್ಲಿ ಒಬ್ಬ ಕಡಿಮೆ ಬಂದು ಕಾಲು ಗಂಟೆ ಹುಡುಕಿದ್ದು, ಒಲೆಯ ಹತ್ತಿರ ಸೀಮೆಎಣ್ಣೆ ಕ್ಯಾನ್ ಇದ್ದದ್ದು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಅವಧಿ ಮುಗಿದ ಮುಲಾಮು ಸಿಕ್ಕಿದ್ದು. ಇದನ್ನು ಬರೆಯುವಾಗ ಪ್ಯಾಟ್ರೋಲ್ ಲೀಡರುಗಳನ್ನು ಕೂರಿಸಿಕೊಳ್ಳಬೇಕು. ಆರೆಂಟು ಜನರ ತನ್ನ ಗುಂಪಿನಲ್ಲಿ ಯಾರು ಸುಸ್ತಾಗಿದ್ದರು, ಯಾರು ರಾತ್ರಿ ಡೇರೆಯಿಂದ ಎದ್ದು ಹೋಗಿದ್ದರು ಎಂದು ಹದಿಮೂರರ ಲೀಡರ್ ಹುಡುಗಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಅವಳು ಹೇಳಿದ್ದನ್ನು ಬರೆದು, ದಿನಾಂಕ ಹಾಕಿ, ಮುಂದಿನ ಶಿಬಿರದ ಯೋಜನೆಗೆ ಕೂರುವಾಗ ಮೊದಲು ಅದೇ ಪುಟವನ್ನು ಎಲ್ಲರ ಮುಂದೆ ಓದಬೇಕು.